ತಗ್ಗಿನ ಹೊಲಕ್ಕೆ ಯಂತ್ರ ನುಗ್ಗಿದ್ದು

ಹೊಲದ ಮನೆ, ಉತ್ತರ ಅಯೋವಾ
ಜೂನ್ ೧೪, ಶನಿವಾರ

ತಮ್ಮಾ ಲೈಲ್,

ಮಂಡಿಯ ಆಪರೇಷನ್ ಆದ ಮೇಲೆ ಕೋಲಿಲ್ಲದೆ ನಡೆಯುತ್ತಿದ್ದೀಯಾ? ಅರಿಜೋನಾದ ಆ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಹೋಗಬೇಡ. ಅಕ್ಕನಾಗಿ ಕೇಳಬೇಕಾದ್ದು ಕೇಳಿದ್ದಾಯಿತು. ಇನ್ನು ಬೈಯುವುದಿದೆ, ಕೂತುಕೊಂಡು ಓದು.

ಮಂಗಳವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹಿಂತಿರುಗಿದಾಗ ತಗ್ಗಿನ ಹೊಲದಲ್ಲಿ ಸದ್ದು. ಪಕ್ಕದ ಹೊಲದ ಡ್ವೇನ್ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿಕೊಂಡು ನನ್ನ ಹುಲ್ಲುಗಾವಲನ್ನು ಸವರುತ್ತಿದ್ದ. ಅರ್ಧ ಆಗಲೇ ನೆಲಸಮ. ಡಾಕ್ಟರ ಇಂಜೆಕ್ಷನ್ನಿಗೆ ಮರಗಟ್ಟಿದ ದವಡೆ ಹಿಡಿದುಕೊಂಡೇ ಓಡಿ ಅಡ್ಡ ನಿಂತೆ. ಅವನು ಎಂಜಿನ್ ಆರಿಸಿ, "ಲೈಲೇ ಫೋನ್ ಮಾಡಿದ್ದು ಆರ್ಡಿತಕ್ಕಾ. 'ಅಕ್ಕ ಕಳೆ ಬೆಳೆಸಿ ಅಪ್ಪನ ಹೆಸ್ರು ಕೆಡಿಸ್ತಿದಾಳೆ, ಅವಳಿಗೆ ವಯಸ್ಸಾಯ್ತು, ನೀನೇ ಸವರಿಬಿಡು' ಅಂದ" ಎಂದ. "ನನ್ನನ್ನೊಂದು ಮಾತು ಕೇಳೋಕೆ ನಿನ್ನ ಬಾಯಿಗೇನಾಗಿತ್ತೋ?" ಎಂದೆ. ಸೊಟ್ಟಗಾಗಿದ್ದದ್ದು ನನ್ನ ಬಾಯಿ. ಆದರೂ ಅವನಿಗೆ ಅರ್ಥವಾಯಿತು.

ಲೈಲ್, ಆ ಹೊಲದಿಂದ ಅಪ್ಪ ಏನು ಕಂಡಿದ್ದರು? ನೆಲದೊಳಗೆ ಕೊಳವೆ ಹೂಳಿ ನೀರು ಬಸಿದರೂ ಮೆಕ್ಕೆಜೋಳ ಕೊಳೆಯುತ್ತಿತ್ತು. ಅದನ್ನು ನನ್ನ ಪಾಲಿಗೆ ಬಿಟ್ಟಾಗ ನಕ್ಕವನು ನೀನೇ: "ಅಕ್ಕಂಗೆ ಕಪ್ಪೆ ಸಾಕೋಕೆ ಆಯ್ತು." ಸರಿ, ಕಪ್ಪೆಯನ್ನೇ ಸಾಕಿದೆ. ನೀರು ನಿಲ್ಲಲೆಂದು ಕೊಳವೆ ಒಡೆಸಿದೆ, ಹಿಮದ ಮೇಲೆ ನಡೆದು ಕೈಯಾರೆ ಕಾಡುಹುಲ್ಲಿನ ಬೀಜ ಎರಚಿದೆ. ಮೊದಮೊದಲು ಬರೀ ಮುಳ್ಳುಗಿಡ ಬಂತು, ಚರ್ಚಿನಲ್ಲಿ ಜನ ಮುಸಿಮುಸಿ ನಕ್ಕರು. ಆಮೇಲೆ ಹೂ ಬಂದವು. ಹೋದ ವರ್ಷ ಬಾಬಲಿಂಕ್ ಬಂದವು. ತಲೆಯ ಹಿಂದೆ ಬೆಣ್ಣೆ ಬಣ್ಣದ ಟೋಪಿ ಹಾಕಿದಂಥ ಆ ಕಪ್ಪು ಹಕ್ಕಿ, ನಾವು ಚಿಕ್ಕವರಿದ್ದಾಗ ಕಂಡದ್ದೇ ಕೊನೆ. ಅವು ಹುಲ್ಲಿನ ಬುಡದಲ್ಲಿ, ನೆಲದ ಮೇಲೇ ಗೂಡು ಕಟ್ಟುತ್ತವೆ. ಈಗ ಮರಿಗಳ ಕಾಲ.

ಡ್ವೇನನನ್ನು ಇಳಿಸಿ, ಅವನು ಕತ್ತರಿಸಿದ ಕಡೆಯೆಲ್ಲ ನಡೆಸಿದೆ. ಏನು ಕಂಡೆವೆಂದು ಬರೆಯಬಾರದೆಂದಿದ್ದೆ. ಯಾಕೆ, ನೀನು ಯಾಕೆ ತಪ್ಪಿಸಿಕೊಳ್ಳಬೇಕು? ಗರಿ ಮೂಡದ ಮರಿಗಳು ಗೂಡಿನ ಸಮೇತ ತುಂಡಾಗಿದ್ದವು. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ಅಲ್ಲೇ ಮೇಲೆ ಸುತ್ತುತ್ತಿತ್ತು, ಇಳಿಯಲು ಹುಲ್ಲಿರಲಿಲ್ಲ. "ನಂಗೆ ಗೊತ್ತಿರ್ಲಿಲ್ಲ ಅಕ್ಕಾ" ಎಂದು ಡ್ವೇನ್ ಅತ್ತೇಬಿಟ್ಟ. ಅವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ನಿನ್ನ ಮೇಲಿನದು ಇಳಿದಿಲ್ಲ. ನನ್ನ ಎದುರು ಮಾತಾಡುವ ಧೈರ್ಯವಿಲ್ಲದೆ ಇನ್ನೊಬ್ಬನ ಕೈಲಿ ಮಾಡಿಸಿದೆಯಲ್ಲ, ಅದಕ್ಕೆ. ವಯಸ್ಸಾಯಿತಂತೆ!

ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ. ಕ್ಯಾರಲ್‌ಗೆ ನಾನು ಕೇಳಿದೆನೆಂದು ಹೇಳು. ನಿನ್ನನ್ನು ಕಟ್ಟಿಕೊಂಡವಳ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ಅಕ್ಕ,
ಆರ್ಡಿತ್

ಹೇಳಲು ಮರೆತೆ: ಮನೆ ಹಿಂದಿನ ನನ್ನ ಒಳ್ಳೆಯ ಹೊಲವನ್ನು ಮುಂದಿನ ವರ್ಷದಿಂದ ನಿನ್ನ ಮಗನಿಗೆ ಗೇಣಿಗೆ ಕೊಡುತ್ತೇನೆಂದಿದ್ದೆನಲ್ಲ, ಈಗ ಕೊಡುವುದಿಲ್ಲ. ನಿನ್ನೆ ಅಲ್ಲಿಯ ಕೊಳವೆಗಳನ್ನೂ ಒಡೆಸಿದೆ. ಅಗೆದುಕೊಟ್ಟವನು ಡ್ವೇನ್. ರಾತ್ರಿ ಮಳೆ ಬಂತು, ನೀರು ನಿಂತಿದೆ.