ಬಾತುಕೋಳಿಗೆ ಪುರಿ ಹಾಕಿದ ದಿನ

ನನ್ನ ಮುದ್ದು ಅಕ್ಕಾ,

ನೀನು ಹೋಗಿ ವರ್ಷವಾಯಿತು. ಭಾವನನ್ನು ನಾನು ಮದುವೆಯಾಗಿ ತಿಂಗಳಾಯಿತು. ಪ್ಲೀಸ್ ಬೈಯಬೇಡ, ತುಂಬಾ ತುಂಬಾ ಖುಷಿಯಾಗಿದ್ದೆ, ಇವತ್ತಿನ ತನಕ.

ಬೆಳಿಗ್ಗೆ ನಿನ್ನ ಮಗಳು ಸುಕೃತಿಗೆ ದೋಸೆ ತಿನ್ನಿಸುತ್ತಿದ್ದೆ. "ಅಮ್ಮಾ, ಬೇಗೂರು ಕೆರೆ ಹತ್ರ ನಾವಿಬ್ರೂ ಬಾತುಕೋಳಿಗೆ ಪುರಿ ಹಾಕಿದ್ವಲ್ಲ? ಅದು ನಿನ್ನ ಸೆರಗು ಎಳೀತಲ್ಲ?" ಎಂದು ನಕ್ಕಳು.

ಎಳೆದದ್ದು ನಿನ್ನ ಸೆರಗು. ಆವತ್ತು ನೀನೇ ಫೋನ್ ಮಾಡಿ ನಕ್ಕು ಹೇಳಿದ್ದೆ. ಇಷ್ಟು ಚಿಕ್ಕ ಮಕ್ಕಳಿಗೆ ನೆನಪು ನಿಲ್ಲುವುದಿಲ್ಲ, ಎಲ್ಲಾ ಮರೆಯುತ್ತಾಳೆ ಎಂದು ನೀನು ಹೋದಾಗ ಡಾಕ್ಟರ್ ಸಮಾಧಾನ ಮಾಡಿದ್ದರು. ಅವಳು ಮರೆತಿಲ್ಲ ಅಕ್ಕಾ. ಕೆರೆ, ಪುರಿ, ಬಾತುಕೋಳಿ ಎಲ್ಲವೂ ಇವೆ. ನಿನ್ನ ಜಾಗದಲ್ಲಿ ಮಾತ್ರ ನಾನಿದ್ದೇನೆ.

"ಅದು ನಾನಲ್ಲ ಪುಟ್ಟಿ" ಎನ್ನಲು ಬಾಯಿ ತೆರೆದೆ.

"ಅಮ್ಮಾ, ನಿಂಗೆ ನೆನಪಿಲ್ವಾ?"

"ಇದೆ ಕಣೇ," ಎಂದೆ.