ಹನುಮವ್ವನ ಬಳೆ

ಕುಷ್ಟಗಿ
೧೬-೨-೧೯೯೮

ಅಕ್ಕನಿಗೆ ನಮಸ್ಕಾರ.

ನನಗೆ ಮನೆ ಬಾಡಿಗೆಗೆ ಕೊಟ್ಟಿದ್ದ ದುರಗಪ್ಪನವರು ಇಂದು ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡರು. ಮೊದಲು ಸೈನ್ಯದಲ್ಲಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಸತ್ತರೆಂದು ಮನೆಗೆ ತಂತಿ ಬಂದಿತ್ತಂತೆ. ನಿಜವಾಗಿ ಅವರು ಪಾಕಿಸ್ತಾನದ ಸೆರೆಯಲ್ಲಿದ್ದರು. ಮರುವರ್ಷ ಎರಡೂ ಕಡೆಯವರು ಕೈದಿಗಳನ್ನು ಬಿಟ್ಟಾಗ ಊರಿಗೆ ಬಂದರು.

ಹೆಣಕ್ಕೆ ಸ್ನಾನವಾದ ಮೇಲೆ ನಾಲ್ಕೈದು ಹೆಂಗಸರು ಅವರ ಹೆಂಡತಿ ಹನುಮವ್ವನ ಬಳೆ ಒಡೆಯಲು ಬಂದರು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಆಗ ಹೆಣಾನ ಇಲ್ದ ಒಡದ್ರಿ. ಒಬ್ಬ ಗಂಡಗ ಎರಡು ಸಲ ಮುಂಡಿ ಆಗಂಗಿಲ್ಲ ನಾನು.”

ಕಲ್ಲು ಹಿಡಿದು ಬಂದಿದ್ದ ನೆರೆಮನೆಯ ಮುದುಕಿ ಗದರಿದಳು: “ಹುಚ್ಚಿ, ಈ ಸಲ ಹೆಣ ಕಣ್ಮುಂದ ಐತಲ್ಲಬೇ! ಮಂದಿ ಏನಂದಾರು?”

“ಮಂದಿ ಮಾತು ಕೇಳೇ ಆಗ ಕೈ ಚಾಚಿದ್ನಿ. ಆತ ಬಂದು ಬಾಗಿಲದಾಗ ನಿಂತು, ನನ್ನ ಬೋಳು ಕೈ ನೋಡಿ, ‘ಯಾರು ಸತ್ತಾರ?’ ಅಂತ ಕೇಳಿದ. ನಾ ಏನ್ ಹೇಳ್ಬೇಕಿತ್ತು, ನೀನ ಹೇಳಬೇ.”

ಮುದುಕಿ ಕಲ್ಲನ್ನು ಗೋಡೆಯ ಬದಿಗಿಟ್ಟು ಆಕೆಯ ಪಕ್ಕ ಕುಳಿತಳು. ಉಳಿದವರು ನಿಂತೇ ಇದ್ದರು.

ನನ್ನ ಹೊಟ್ಟೆನೋವು ವಾಸಿಯಾಗಿದೆ, ಜೋಳದ ರೊಟ್ಟಿ ಒಗ್ಗಿದೆ. ಬೇರೆ ಮನೆ ಹುಡುಕಬೇಕೋ ಏನೋ, ಈಗ ಕೇಳುವ ಹಾಗಿಲ್ಲ.

ಹೆಣ ಎತ್ತುತ್ತಿದ್ದಾರೆ. ಹನುಮವ್ವ ಎದೆ ಬಡಿದುಕೊಂಡು ಅಳುತ್ತಿದ್ದಾಳೆ, ಕೈತುಂಬ ಬಳೆಗಳ ಸದ್ದಿನೊಂದಿಗೆ. ಇಂಥ ಅಳುವನ್ನು ನಾನು ಎಲ್ಲಿಯೂ ಕೇಳಿರಲಿಲ್ಲ.

ಹೊರಟೆ.
ನಿನ್ನ ತಮ್ಮ