ಬೆಳ್ಳಿಯ ತಲೆ

ಅಕ್ಟೋಬರ್ 27, ಸೋಮವಾರ

ಷಷ್ಠಿ. ಒಪ್ಪತ್ತು. ಹಟ್ಟಿ ಗುಡಿಸಿ, ಬಾವಿಕಟ್ಟೆ ತೊಳೆದು, ತುಳಸಿಗೆ ನೀರೆರೆದದ್ದಾಯಿತು. ತಮ್ಮ ತೀರ್ಥರಾಮನಿಗೆ ದೋಸೆ, ಆಮೇಲೆ ಮಾತ್ರೆ. ಅದೊಂದು ತಪ್ಪಿಸುವಂತಿಲ್ಲ. ಸ್ಕಿಜೋಫ್ರೇನಿಯಾ — ಆ ಹೆಸರು ಈಗ ನನಗೂ ಸಲೀಸು. ಧ್ವನಿಗಳು ಅವನನ್ನು ಬಿಟ್ಟು ವರ್ಷಗಳಾದವು. ಈಗ ಜೇನು ಸಾಕುತ್ತಾನೆ. "ಮೊದಲು ಗುಂಯ್‌ಗುಟ್ಟುದು ತಲೆಯೊಳಗೆ, ಈಗ ಪೆಟ್ಟಿಗೆಯೊಳಗೆ" ಎಂದು ತಾನೇ ನಗುತ್ತಾನೆ.

ನಾಳೆ ಸುಳ್ಯಕ್ಕೆ, ಡಾಕ್ಟರ ಹತ್ತಿರ.

ಅಕ್ಟೋಬರ್ 28, ಸಂಜೆ

ದೇವರೇ... ಬೆಂಗಳೂರಿನಲ್ಲಿ ಈ ಕಾಯಿಲೆಯವರ ಮಿದುಳು ಪರೀಕ್ಷಿಸುತ್ತಾರೆ ಎಂದರು ಡಾಕ್ಟರ್ ಭವಿತಾ. ಇವನು ಎದ್ದು ನಿಂತ. "ನನ್ನದು ಬರಕೊಳ್ಳಿ ಮೇಡಂ. ಅಕ್ಕ ದೇವರಿಗೆ ಬೆಳ್ಳಿ ತಲೆ ಕೊಟ್ಟಿದ್ದಾಳೆ, ನಾನು ಅಸಲು ಕೊಡ್ತೇನೆ!"

ಹೌದು, ಅವನು ಗುಣವಾದಾಗ ಹರಕೆ ಒಪ್ಪಿಸಿದ್ದೆ, ಬೆಳ್ಳಿಯ ಪುಟ್ಟ ತಲೆ. ಆದರೆ ಇದು? ಈಗಲೇ ತಲೆ ಬಿಚ್ಚುತ್ತಾರೋ ಎಂದುಕೊಂಡೆ. ಕೈ ಹಿಡಿದು ದರದರ ಎಳೆದುಕೊಂಡು ಬಂದೆ.

ಅಕ್ಟೋಬರ್ 31

ಮಾತು ಬಿಟ್ಟಿದ್ದೆ. ಇವತ್ತು ಅವನೇ ಬಂದ.

"ಅಕ್ಕಾ, ಈಗ ಅಲ್ಲ. ಸತ್ತ ಮೇಲೆ."

"ಅವತ್ತೇ ಹೇಳ್ಲಿಕ್ಕೆ ಎಂತ ನಿಂಗೆ?"

"ನೀನು ಬಿಡಬೇಕಲ್ಲ! ಸುಳ್ಯದಿಂದ ಮನೆವರೆಗೆ ರಾಮ ರಾಮ."

ಅಡುಗೆಮನೆಗೆ ಹೋಗಿ ನಕ್ಕೆ. ಆದರೆ ಸತ್ತ ಮೇಲೂ ಮನಸ್ಸು ಒಪ್ಪದು. ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಇವನು ಖಾಲಿ ತಲೆಯಲ್ಲಿ ಬಂದು ಕೂರುವುದೇ? ಕೇಳಿಯೂ ಬಿಟ್ಟೆ.

"ಉಣ್ಣುದು ಬಾಯಲ್ಲಿ ಅಕ್ಕಾ. ಕೋಳಿಸುಕ್ಕ ಮಿದುಳಿಗೆ ಹೋಗುದಿಲ್ಲ."

ಮನೆಯವರು ಒಪ್ಪದೆ ಆಗುವುದಿಲ್ಲವಂತೆ. ಮನೆಯವಳು ಎಂದರೆ ನಾನೊಬ್ಬಳೇ. ಅವನ ಆಸೆಯೆಲ್ಲ ನನ್ನ ಒಂದು ಮಾತಿನ ಮೇಲೆ.

ನವೆಂಬರ್ 4

ಅವನಿಗೆ ಹೇಳದೆ ನೌಷಾದನ ಆಟೋದಲ್ಲಿ ಹೋದೆ. ಡಾಕ್ಟರು ಚಹಾ ತರಿಸಿ ವಿವರಿಸಿದರು. ಮಿದುಳನ್ನು ವೀಳ್ಯದೆಲೆಗಿಂತ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ನರಕೋಶದ ಟಿಸಿಲುಗಳ ಮೇಲೆ ಸಣ್ಣ ಮೊಗ್ಗಿನಂಥವು ಇರುತ್ತವೆ. ಒಂದು ಕೋಶ ಇನ್ನೊಂದರ ಮಾತು ಕೇಳುವುದು ಅಲ್ಲಿ. ಈ ಕಾಯಿಲೆಯವರಲ್ಲಿ ಕೆಲವು ಜಾಗದಲ್ಲಿ ಅವು ಕಡಿಮೆ ಕಂಡಿವೆ. ಎಲ್ಲರಲ್ಲೂ ಒಂದೇ ಥರ ಅಲ್ಲ, ಯಾಕೆಂದೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಇನ್ನೂ ನೋಡಬೇಕು.

"ಹಾಗಾದ್ರೆ ನಮ್ಮ ಅಮ್ಮ ಬಸುರಿ ಇರುವಾಗ ನಾಗಬನ ದಾಟಿದ್ದಕ್ಕಲ್ವಾ?"

"ಅಲ್ಲ ಕಮಲಕ್ಕ. ಅಮ್ಮನ ತಪ್ಪು ಎಂತದೂ ಇಲ್ಲ."

ಅಮ್ಮ ಸಾಯುವವರೆಗೂ ಅದನ್ನೇ ಹೇಳಿ ಅತ್ತಳು. ಇವತ್ತು ಡಾಕ್ಟರ ಮಾತು ಅವಳಿಗೂ ಕೇಳಿಸಿರಬಹುದು... ದಾರಿಯುದ್ದಕ್ಕೂ ಭಜನೆ ಹಾಡಿದೆ. "ಎಂತ ಕಮಲಕ್ಕ, ಲಾಟ್ರಿ ಹೊಡೀತಾ?" ಎಂದ ನೌಷಾದ್.

ಇನ್ನೊಂದು ಮಾತೂ ಹೇಳಿದ್ದರು — ಹೋಲಿಸಿ ನೋಡಲು ಕಾಯಿಲೆ ಇಲ್ಲದವರದೂ ಬೇಕಂತೆ.

ನವೆಂಬರ್ 5, ಹುಣ್ಣಿಮೆ

ದೀಪ ಹಚ್ಚಿ ಕೇಳಿದೆ. ದೇವರು ಬೇಡವೆನ್ನಲಿಲ್ಲ.

"ನಿನ್ನದಕ್ಕೆ ಒಪ್ಪಿದೆ. ನನ್ನದೂ ಕೊಡ್ತೇನೆ" ಎಂದೆ. ತೀರ್ಥ ಜೇನು ಮೆತ್ತಿದ ಕೈಯಲ್ಲೇ ಕುಣಿದ.

"ನಿನ್ನದರಲ್ಲಿ ಎಂತ ಸಿಕ್ಕುದು ಅಕ್ಕಾ? ಬರೀ ಹರಕೆ!"

"ಸಿಕ್ಕಲಿ. ನಿನ್ನ ಪಕ್ಕದಲ್ಲೇ ಇಡ್ಲಿ. ಅಲ್ಲಿಯೂ ನಿನ್ನನ್ನು ನೋಡಿಕೊಳ್ಳುವವರು ಬೇಡ್ವಾ?"

ನಗು ನಿಂತಿತು ಅವನಿಗೆ. ಆಮೇಲೆ ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು.

ಒಂದು ಚೀಟಿಯಲ್ಲಿ ಇಬ್ಬರ ಹೆಸರೂ ಬರೆದೆ. ನೌಷಾದನಿಗೆ ಫೋನು ಮಾಡಿದೆ: "ನಾಳೆ ಸುಳ್ಯಕ್ಕೆ ಹೋಗುವಾಗ ಇತ್ತ ಬಾ ಮಾರಾಯ. ಡಾಕ್ಟ್ರಿಗೆ ನನ್ನ ಉತ್ತರ ಉಂಟು, ತಕೊಂಡು ಹೋಗು, ಒಂದು ಕುಪ್ಪಿ ಜೇನೂ."